ಕೆಂಪನ್ನು ನಂಬಬೇಡಿ, ಬಿಳಿಗೆರೆ ನೋಡಿ

ತಣ್ಣನೆಯ ಕಡಲೆಂದರೆ ಜೀವವಿಲ್ಲದ, ಬಣ್ಣವಿಲ್ಲದ ಕತ್ತಲೆ ಎಂದು ನಂಬಿದವರು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸೇಂಟ್ ಆಬ್ಸ್ ಬಂದರಿನ ಎದುರಿನ ಬಂಡೆಗಳನ್ನು ನೋಡಬೇಕು. ಚಳಿಗಾಲದ ಕೊನೆಯಲ್ಲಿ ಅಲ್ಲಿನ ನೀರು 5–6 ಡಿಗ್ರಿ ಸೆಲ್ಸಿಯಸ್. ಬೇಸಿಗೆ ಮುಗಿಯುವ ಹೊತ್ತಿಗೆ ಹೆಚ್ಚೆಂದರೆ 13–14. ಇಷ್ಟು ತಣ್ಣಗಿದ್ದರೂ ಬಂಡೆಯ ಮೇಲೆ ಅಂಗೈಯಗಲ ಖಾಲಿ ಜಾಗ ಸಿಗುವುದು ಕಷ್ಟ: ಮೆದು ಹವಳ, ಸೀ ಅನಿಮೋನ್, ಗುಂಪುಗುಂಪಾಗಿ ಸಪೂರ ತೋಳಿನ ಬ್ರಿಟಲ್‌ಸ್ಟಾರ್, ಪುಟ್ಟ ಗಿಡದಂತೆ ಕಾಣುವ ಕುಟುಕುಪ್ರಾಣಿ ಹೈಡ್ರಾಯ್ಡ್ ಮತ್ತು ಅದನ್ನು ಮೇಯುವ ನ್ಯೂಡಿಬ್ರಾಂಕ್, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು. 1984ರಲ್ಲಿ ಇಲ್ಲಿ ಸ್ಕಾಟ್ಲೆಂಡಿನ ಮೊದಲ ಸ್ವಯಂಪ್ರೇರಿತ ಸಾಗರ ಮೀಸಲು ಪ್ರದೇಶ ಆರಂಭವಾಯಿತು.

ಜೀವವಿಲ್ಲ ಎಂಬ ನಂಬಿಕೆ ಒಮ್ಮೆ ನೀರಿಗಿಳಿದರೆ ಕರಗಿಹೋಗುತ್ತದೆ. ಇನ್ನೊಂದು ನಂಬಿಕೆ ನೀರಿಗಿಳಿದವರಲ್ಲೇ ಗಟ್ಟಿಯಾಗಿ ಉಳಿದಿದೆ: ಫೋಟೊದಲ್ಲಿ ಬಣ್ಣ ಚೆನ್ನಾಗಿ ಬಂದರೆ ಜೀವಿಯ ಹೆಸರು ತಾನಾಗಿ ಸಿಗುತ್ತದೆ ಎನ್ನುವುದು. ಫೋಟೊ ಹಾಕಿದೊಡನೆ ಲ್ಯಾಟಿನ್ ಹೆಸರು ಸೂಚಿಸುವ ಆ್ಯಪ್‌ಗಳು ಬಂದ ಮೇಲೆ ಇದು ಮತ್ತಷ್ಟು ಬಲವಾಗಿದೆ. ತಣ್ಣೀರಿನ ಜೀವಿಗಳ ಮಟ್ಟಿಗೆ ಬಣ್ಣದಷ್ಟು, ಅದರಲ್ಲೂ ಕೆಂಪಿನಷ್ಟು, ದಾರಿ ತಪ್ಪಿಸುವ ಲಕ್ಷಣ ಬೇರೆ ಇಲ್ಲ. ಕೆಂಪನ್ನು ಒಮ್ಮೆ ನೀರು ಕದಿಯುತ್ತದೆ, ಇನ್ನೊಮ್ಮೆ ಪ್ರಾಣಿಯೇ ಬೇರೆಯವರಿಂದ ಸಾಲ ತಂದಿರುತ್ತದೆ.

ಮೊದಲು ನೀರಿನ ಕಳ್ಳತನ. ನೀರಿನ ಅಣುವಿನಲ್ಲಿ ಆಮ್ಲಜನಕ ಮತ್ತು ಜಲಜನಕದ ನಡುವಿನ ಬಂಧ ಸದಾ ಕಂಪಿಸುತ್ತದೆ. ಆ ಕಂಪನದ ಮೂಲ ಆವರ್ತನ ಅವಗೆಂಪಿನಲ್ಲಿದ್ದರೂ ಅದರ ಮೇಲ್ಸ್ವರಗಳು, ಅಂದರೆ ಹಲವು ಪಟ್ಟು ಹೆಚ್ಚಿನ ಆವರ್ತನಗಳು, ನಮ್ಮ ಕಣ್ಣಿಗೆ ಕಾಣುವ ಕೆಂಪಿನವರೆಗೆ ಏರಿ ಬರುತ್ತವೆ. ಹಾಗಾಗಿ ಅಪ್ಪಟ ಶುದ್ಧ ನೀರು ಕೂಡ 650 ನ್ಯಾನೊಮೀಟರಿನ ಕೆಂಪು ಬೆಳಕನ್ನು ಐದು ಮೀಟರಿನೊಳಗೆ ಐದನೇ ಒಂದು ಪಾಲಿಗಿಂತ ಕೆಳಕ್ಕೆ ಇಳಿಸುತ್ತದೆ, ಹತ್ತು ಮೀಟರಿಗೆ ಶೇಕಡ 3ರ ಹತ್ತಿರ ತರುತ್ತದೆ. ಅದೇ ಹತ್ತು ಮೀಟರಿನಲ್ಲಿ 450 ನ್ಯಾನೊಮೀಟರಿನ ನೀಲಿ ಶೇಕಡ 90ರಷ್ಟು ಉಳಿದಿರುತ್ತದೆ. (ಜಲಜನಕದ ಬದಲು ಅದರ ಭಾರದ ಸೋದರ ಡ್ಯೂಟೀರಿಯಮ್ ಇರುವ ಭಾರಜಲದಲ್ಲಿ ಕಂಪನ ನಿಧಾನವಾಗಿ, ಮೇಲ್ಸ್ವರಗಳು ಅವಗೆಂಪಿನಲ್ಲೇ ನಿಂತುಬಿಡುತ್ತವೆ. ಅದಕ್ಕೇ ಭಾರಜಲಕ್ಕೆ ಈ ನೀಲಿ ಛಾಯೆ ಇಲ್ಲ.) ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬವೆಂಬ ಮಾತನ್ನು 1921ರ ಹಡಗು ಪ್ರಯಾಣದಲ್ಲಿ ಮೇಲ್ಮೈಯ ಪ್ರತಿಬಿಂಬವನ್ನು ತಡೆಯುವ ನಿಕೋಲ್ ಪಟ್ಟಕ ಹಿಡಿದು ಒಪ್ಪದೆ ಹೋದವರು ಸಿ. ವಿ. ರಾಮನ್. ಅವರು ನೋಡಿದ್ದು ತಿಳಿಯಾದ ಬೆಚ್ಚನೆಯ ಕಡಲು. ಸೇಂಟ್ ಆಬ್ಸ್‌ನಲ್ಲಿ ಆ ನೀಲಿಯೂ ಉಳಿಯುವುದಿಲ್ಲ. ಪೋಷಕಾಂಶ ಸಮೃದ್ಧವಾದ ಈ ನೀರಿನ ತುಂಬ ಸಸ್ಯಪ್ಲವಕ, ಅಂದರೆ ತೇಲುವ ಸೂಕ್ಷ್ಮ ಪಾಚಿ. ಅದರ ಕ್ಲೋರೊಫಿಲ್ ನೀಲಿಯನ್ನು ನುಂಗುತ್ತದೆ, ಕೊಳೆತ ಕೆಲ್ಪ್ ಎಂಬ ದೊಡ್ಡ ಕಡಲಪಾಚಿ ಮತ್ತು ನದಿಗಳಿಂದ ಬಂದ ಹಳದಿ ಸಾವಯವ ಅಂಶ ನೇರಳೆಯನ್ನು ನುಂಗುತ್ತದೆ. ಎರಡೂ ತುದಿ ಹೋಗಿ ನಡುವಿನ ಹಸಿರು ಮಾತ್ರ ಉಳಿಯುತ್ತದೆ.

ಇದಕ್ಕೆ ಮದ್ದು ಫ್ಲ್ಯಾಶ್, ಆದರೆ ಫ್ಲ್ಯಾಶ್‌ನ ಬೆಳಕೂ ನೀರಿನಲ್ಲೇ ಹೋಗಿ ಬರಬೇಕು. ಜೀವಿ 30 ಸೆಂಟಿಮೀಟರ್ ದೂರವಿದ್ದರೆ ಬೆಳಕಿನ ದಾರಿ 60 ಸೆಂಟಿಮೀಟರ್, ಕೆಂಪು ಶೇಕಡ 80ರಷ್ಟು ಉಳಿಯುತ್ತದೆ. ದೂರ ಒಂದೂವರೆ ಮೀಟರ್ ಆದರೆ ಉಳಿಯುವುದು ಶೇಕಡ 36 ಮಾತ್ರ. ಹಾಗೆಂದೇ ಒಂದೇ ಪ್ರಾಣಿ ಎರಡು ಫೋಟೊದಲ್ಲಿ ಎರಡು ಬಣ್ಣ. ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ ಎಂದು ಹಳಬರು ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಎರಡನೆಯ ತೊಂದರೆ ತೇಲುವ ಕಣಗಳದು. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದವರಿಗೆ ಇದು ಗೊತ್ತು: ಬೆಳಕು ರಸ್ತೆಗೆ ಹೋಗುವ ಬದಲು ಮಂಜಿನ ಹನಿಗಳಿಂದ ತಿರುಗಿ ಕಣ್ಣಿಗೇ ಹೊಡೆಯುತ್ತದೆ. ಕ್ಯಾಮೆರಾಕ್ಕೆ ಅಂಟಿಕೊಂಡ ಫ್ಲ್ಯಾಶ್ ಮಾಡುವುದು ಅದನ್ನೇ. ಏಪ್ರಿಲ್–ಮೇ ತಿಂಗಳಲ್ಲಿ ಪ್ಲವಕ ಉಕ್ಕಿದಾಗ, ಅಥವಾ ಪೂರ್ವದ ಗಾಳಿ ಬೀಸಿ ಕೆಸರೆದ್ದಾಗ, ಫೋಟೊ ತುಂಬ ಬಿಳಿ ಚುಕ್ಕೆ. ಸ್ಟ್ರೋಬ್‌ಗಳನ್ನು, ಅಂದರೆ ಕ್ಯಾಮೆರಾದಿಂದ ಬೇರೆಯಾದ ಫ್ಲ್ಯಾಶ್‌ಗಳನ್ನು, ತೋಳುಗಳ ಮೇಲೆ ಎರಡೂ ಬದಿಗೆ ಚಾಚಿ, ಲೆನ್ಸ್ ಮುಂದಿನ ಗಾಜಿನ ಕಿಟಕಿಯಾದ ಪೋರ್ಟ್‌ಗಿಂತ ತುಸು ಹಿಂದಿಟ್ಟು, ಸ್ವಲ್ಪ ಹೊರಕ್ಕೆ ತಿರುಗಿಸಬೇಕು. ಬೆಳಕಿನ ಶಂಕುವಿನ ಅಂಚು ಮಾತ್ರ ಜೀವಿಯನ್ನು ಮುಟ್ಟಬೇಕು, ಲೆನ್ಸ್ ಮತ್ತು ಜೀವಿಯ ನಡುವಿನ ನೀರು ಕತ್ತಲಾಗಿಯೇ ಇರಬೇಕು. ತೀರಾ ಹತ್ತಿರದ ಮ್ಯಾಕ್ರೊದಲ್ಲಿ ನಡುವೆ ನೀರೇ ಕಡಿಮೆ ಇರುವುದರಿಂದ ಒಳಕ್ಕೆ ತಿರುಗಿಸಿದರೂ ನಡೆಯುತ್ತದೆ.

ಈಗ ಸಾಲದ ಕೆಂಪು. ಕೋರಿಫೆಲ್ಲಾ ಕುಲದ ನ್ಯೂಡಿಬ್ರಾಂಕ್‌ಗಳ ಬೆನ್ನ ಮೇಲೆ ಸೆರಾಟಾ ಎಂಬ ಕಡ್ಡಿಗಳು ಸಾಲಾಗಿ ಎದ್ದಿರುತ್ತವೆ. ಪ್ರತಿ ಕಡ್ಡಿಯೊಳಗೂ ಜೀರ್ಣಗ್ರಂಥಿಯ ಒಂದು ಕವಲು ಹೋಗಿರುತ್ತದೆ, ಚರ್ಮ ಪಾರದರ್ಶಕ. ಅಂದರೆ ನಾವು ಮೆಚ್ಚಿ ನೋಡುವ ಆ ಕೆಂಪು ಅದು ತಿಂದ ಹೈಡ್ರಾಯ್ಡ್‌ನ ಕೆಂಪು. ಊಟ ಬದಲಾದರೆ ಅದೇ ಪ್ರಭೇದ ಕಂದಾಗಬಹುದು, ಹಸಿವಿದ್ದರೆ ಪೇಲವವಾಗಬಹುದು. ತಿಂದ ಹೈಡ್ರಾಯ್ಡ್‌ನ ಕುಟುಕುಕೋಶಗಳನ್ನು ಕೂಡ ಇದು ಜೀರ್ಣಿಸದೆ ಸೆರಾಟಾದ ತುದಿಯ ಚೀಲದಲ್ಲಿ ಕೂಡಿಟ್ಟು ತನ್ನ ರಕ್ಷಣೆಗೆ ಬಳಸುತ್ತದೆ. ಒಟ್ಟಿನಲ್ಲಿ ಬಣ್ಣವೂ ಎರವಲು, ಆಯುಧವೂ ಎರವಲು!

ಎರವಲಲ್ಲದ್ದು ಚರ್ಮದ ಮೇಲಿನ ಬಿಳಿ ವರ್ಣದ್ರವ್ಯ. ಕೋರಿಫೆಲ್ಲಾ ಲಿನಿಯಾಟಾದ ಬೆನ್ನಿನ ನಡುವೆ ಒಂದು, ಎರಡೂ ಪಕ್ಕೆಗಳಲ್ಲಿ ಒಂದೊಂದು ಬಿಳಿಗೆರೆ ಇರುತ್ತದೆ. ಪ್ರತಿ ಕಡ್ಡಿಯ ಉದ್ದಕ್ಕೂ ಗೆರೆ ಇಳಿಯುತ್ತದೆ. ಕೋರಿಫೆಲ್ಲಾ ಬ್ರೌನಿಗೆ ಮೈಮೇಲೆ ಇಂಥ ಗೆರೆಗಳಿಲ್ಲ, ಕಡ್ಡಿಯ ತುದಿಯಲ್ಲಿ ಅಗಲವಾದ ಬಿಳಿ ಪಟ್ಟಿ ಮಾತ್ರ. ಹೆಸರು ನಿರ್ಧಾರವಾಗುವುದು ಈ ಗೆರೆಗಳ ಮೇಲೆ, ಮತ್ತು ಫ್ಲ್ಯಾಶ್ ಮೊದಲು ಸುಟ್ಟುಹಾಕುವುದೂ ಇವನ್ನೇ. ಕೆಂಪು ಹೊಳೆಯಲೆಂದು ಬೆಳಕು ಹೆಚ್ಚಿಸಿದರೆ ಬಿಳಿ ಹಿಗ್ಗಿ ಗೆರೆಯೂ ಪಟ್ಟಿಯೂ ಒಂದೇ ಮಸುಕಾಗಿ ಕೂಡಿಹೋಗುತ್ತವೆ. ಬಿಳಿಗೆ ತಕ್ಕಂತೆ ಎಕ್ಸ್‌ಪೋಷರ್ ಇಡಿ: ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಕಡಿಮೆ. ರಾ ಫೈಲಿನಲ್ಲಿ ಕತ್ತಲನ್ನು ಎತ್ತಬಹುದು, ಸುಟ್ಟ ಬಿಳಿಯನ್ನು ವಾಪಸ್ ತರಲಾಗದು.

ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 1/200 ಸೆಕೆಂಡ್, ಎಫ್/16, ಐಎಸ್‌ಒ 200 ಒಳ್ಳೆಯ ಆರಂಭ. ಜೀವಿಯನ್ನು ಅದರ ನಿಜಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸಿದಾಗ ಎಫ್/16ರಲ್ಲೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು 2 ಮಿಲಿಮೀಟರ್. ಆದ್ದರಿಂದ ಒಂದೇ ಫೋಟೊದಲ್ಲಿ ಎಲ್ಲ ಲಕ್ಷಣ ಹಿಡಿಯುವ ಆಸೆ ಬಿಟ್ಟು ಸರಣಿ ತೆಗೆಯಬೇಕು. ಮೊದಲು ಜೀವಿ ಕುಳಿತ ಜಾಗ ಸಮೇತ ಒಂದು. ಆಮೇಲೆ ಮೈಗೆ ಸಮಾನಾಂತರವಾಗಿ ಬದಿಯಿಂದ, ನೇರ ಮೇಲಿನಿಂದ. ತಲೆಯ ಮೇಲಿನ ರೈನೊಫೋರ್ ಎಂಬ ಎರಡು ಗ್ರಾಹಿಗಳು ನಯವೋ ಸುಕ್ಕೋ ಎಂದು ಕಾಣುವಂತೆ ಮತ್ತೊಂದು. ಕಿವಿರಿನ ಗೊಂಚಲಿದ್ದರೆ ಅದು, ಹತ್ತಿರದಲ್ಲಿ ಮೊಟ್ಟೆಯ ಸುರುಳಿ ಇದ್ದರೆ ಅದೂ. ಅಳತೆಗೆ ಮಿಲಿಮೀಟರ್ ಗುರುತಿರುವ ಸ್ಲೇಟನ್ನು ಪಕ್ಕದಲ್ಲಿ ಹಿಡಿಯಿರಿ, ಪ್ರಾಣಿಯನ್ನು ಮುಟ್ಟಬೇಡಿ.

ಜಾಗದ ಫೋಟೊ ಯಾಕೆ ಎಂದು ಕೇಳುವವರಿಗೆ ಡೋಟೊ ಕುಲವೇ ಉತ್ತರ. ಒಂದು ಸೆಂಟಿಮೀಟರ್ ಆಸುಪಾಸಿನ ಈ ನ್ಯೂಡಿಬ್ರಾಂಕ್‌ಗಳು ಒಂದಕ್ಕೊಂದು ಎಷ್ಟು ಹೋಲುತ್ತವೆಂದರೆ ಅವು ಕುಳಿತ ಹೈಡ್ರಾಯ್ಡ್ ಯಾವುದೆಂಬುದೇ ದೊಡ್ಡ ಸುಳಿವು. ನೆಮೆರ್ಟೇಸಿಯಾ ಆಂಟೆನ್ನಿನಾ ಮೇಲಿದ್ದರೆ ಡೋಟೊ ಪಿನ್ನಾಟಿಫಿಡಾ ಆಗಿರುವ ಸಾಧ್ಯತೆ, ಹೈಡ್ರಾಲ್ಮೇನಿಯಾ ಫಾಲ್ಕಾಟಾ ಮೇಲಿದ್ದರೆ ಡೋಟೊ ಹೈಡ್ರಾಲ್ಮೇನಿಯೇ. ಪ್ರಾಣಿಯನ್ನು ಮಾತ್ರ ಚೊಕ್ಕವಾಗಿ ಕತ್ತರಿಸಿಟ್ಟ ಫೋಟೊದಿಂದ ಇಲ್ಲಿ ಪ್ರಯೋಜನವಿಲ್ಲ.

ಬಣ್ಣದ ಮೋಹಕ್ಕೆ ಇತಿಹಾಸವೂ ಇದೆ. ಸೇಂಟ್ ಆಬ್ಸ್‌ನಿಂದ ಸ್ವಲ್ಪ ದಕ್ಷಿಣದ ಬರ್ವಿಕ್ ಪಟ್ಟಣದಲ್ಲಿ ಜಾರ್ಜ್ ಜಾನ್‌ಸ್ಟನ್ ಎಂಬ ವೈದ್ಯರಿದ್ದರು. 1831ರಲ್ಲಿ ಬರ್ವಿಕ್‌ಶೈರ್ ನ್ಯಾಚುರಲಿಸ್ಟ್ಸ್ ಕ್ಲಬ್ ಕಟ್ಟಿದರು, 1844ರಲ್ಲಿ ಜೀವವಿಜ್ಞಾನದ ಗ್ರಂಥಗಳನ್ನು ಪ್ರಕಟಿಸುವ ರೇ ಸೊಸೈಟಿಯ ಸ್ಥಾಪನೆಗೆ ಕಾರಣರಾದರು. ಆ ಸೊಸೈಟಿ 1845ರಿಂದ 1855ರವರೆಗೆ ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾನ್‌ಕಾಕ್ ಅವರ ಬ್ರಿಟಿಷ್ ನ್ಯೂಡಿಬ್ರಾಂಕ್ ಗ್ರಂಥವನ್ನು ಬಣ್ಣದ ಚಿತ್ರಗಳೊಂದಿಗೆ ಭಾಗಭಾಗವಾಗಿ ಹೊರತಂದಿತು. ಜೀವಂತ ಪ್ರಾಣಿಯನ್ನು ಎದುರಿಗಿಟ್ಟುಕೊಂಡು ಬಣ್ಣ ಬರೆಯಲೇಬೇಕಿತ್ತು, ಏಕೆಂದರೆ ಮದ್ಯಸಾರದ ಜಾಡಿಗೆ ಬಿದ್ದ ನ್ಯೂಡಿಬ್ರಾಂಕ್ ಬೇಗನೆ ಬಿಳಿಚಿದ ಮುದ್ದೆಯಾಗುತ್ತದೆ. ಜಾಡಿಯೆದುರು ಕುಳಿತವರು ಬಣ್ಣ ಬಿಟ್ಟು ಅದರ ಅರದಂಥ ನಾಲಗೆಯ ಮೇಲಿನ ಸೂಕ್ಷ್ಮ ಹಲ್ಲು ಎಣಿಸಿ ಪ್ರಭೇದ ಗುರುತಿಸಿದರು. ಡೈವರ್‌ನ ಕ್ಯಾಮೆರಾ ಬಣ್ಣವನ್ನು ಮರಳಿ ಕೊಟ್ಟಿತು, ಹಲ್ಲು ಎಣಿಸುವವರ ತಾಳ್ಮೆಯನ್ನು ಮಾತ್ರ ಕೊಡಲಿಲ್ಲ.

ಅದೇ ಜಾನ್‌ಸ್ಟನ್ 1832ರಲ್ಲಿ ಈ ಕರಾವಳಿಯಿಂದ ವಿವರಿಸಿದ ಸೀ ಅನಿಮೋನ್ ಬೊಲೊಸೆರಾ ಟ್ಯೂಡಿಯೇ. ಬೇರೆಡೆ ಸಾಮಾನ್ಯವಾಗಿ ಆಳದಲ್ಲಿರುವ ಇದು ಸೇಂಟ್ ಆಬ್ಸ್‌ನಲ್ಲಿ ಡೈವರ್‌ಗಳ ಕೈಗೆಟಕುವಲ್ಲೇ ಇದೆ. ಇದನ್ನು ಇನ್ನೊಂದು ಅನಿಮೋನ್ ಕುಲವಾದ ಅರ್ಟಿಸಿನಾ ಎಂದು ತಪ್ಪಾಗಿ ಬರೆಯುವುದು ಸುಲಭ. ಬೊಲೊಸೆರಾದ ದಪ್ಪ ಕರಬಳ್ಳಿಗಳ ಬುಡದಲ್ಲಿ ಬಿಗಿದಂಥ ಸೊಂಟ ಕಾಣುತ್ತದೆ. ಅದು ಕರಬಳ್ಳಿಯನ್ನು ಒಳಗೆಳೆದುಕೊಳ್ಳಲಾರದು, ಬೇಕಾದರೆ ಉದುರಿಸಿಬಿಡುತ್ತದೆ. ಅರ್ಟಿಸಿನಾಗಳಲ್ಲೇ ಕಾಂಡದ ಮೇಲೆ ಗಂಟುಗಳಿದ್ದು ಅದಕ್ಕೆ ಜಲ್ಲಿ, ಚಿಪ್ಪಿನ ಚೂರು ಅಂಟಿದ್ದರೆ ಅ. ಫೆಲಿನಾ, ಕಾಂಡ ಬೋಳಾಗಿದ್ದರೆ ಅ. ಈಕ್ವೆಸ್. ಹಾಗಾಗಿ ಅರಳಿದ ಮುಖದ ಫೋಟೊ ಸಾಲದು, ಬಾಗಿ ಕಾಂಡವನ್ನೂ ತೆಗೆಯಬೇಕು. ಆಕ್ಟೋಪಸ್ ಸಿಕ್ಕರೆ ತೋಳಿನ ಅಡಿ ನೋಡಿ: ಹೀರುಬಟ್ಟಲು ಒಂದೇ ಸಾಲಾಗಿದ್ದರೆ ಎಲಿಡೋನ್ ಸಿರೋಸಾ, ಎರಡು ಸಾಲಿದ್ದರೆ ಆಕ್ಟೋಪಸ್ ವಲ್ಗಾರಿಸ್. ಮೀನಿನಲ್ಲೂ ಬಣ್ಣ ದಾರಿ ತಪ್ಪಿಸುತ್ತದೆ: ಲೇಬ್ರಸ್ ಮಿಕ್ಸ್‌ಟಸ್ ಮೀನಿನ ಗಂಡು ನೀಲಿ, ಹೆಣ್ಣು ಕಿತ್ತಳೆ ಕೆಂಪು. ಹೆಣ್ಣೇ ಮುಂದೆ ಗಂಡಾಗಬಹುದು. ಈ ಒಂದೇ ಮೀನಿಗೆ 1758ರಲ್ಲಿ ಜೀವಿಗಳ ಹೆಸರಿನ ಪದ್ಧತಿ ಕಟ್ಟಿದ ಲಿನಿಯಸ್ ಒಂದಕ್ಕಿಂತ ಹೆಚ್ಚು ಹೆಸರು ಕೊಟ್ಟಿದ್ದರು.

ಚಳಿ ಸಲಕರಣೆಗೂ ತೊಡಕು. 22 ಡಿಗ್ರಿಯ, ಶೇಕಡ 60 ತೇವವಿರುವ ಕೋಣೆಯಲ್ಲಿ ಕ್ಯಾಮೆರಾದ ಜಲನಿರೋಧಕ ಪೆಟ್ಟಿಗೆಯಾದ ಹೌಸಿಂಗ್ ಮುಚ್ಚಿದರೆ ಒಳಗಿನ ಗಾಳಿಯ ಇಬ್ಬನಿ ಬಿಂದು, ಅಂದರೆ ತೇವ ಹನಿಗಟ್ಟುವ ಉಷ್ಣತೆ, ಸುಮಾರು 14 ಡಿಗ್ರಿ. ಎಂಟು ಡಿಗ್ರಿ ನೀರಿಗೆ ಇಳಿದ ಕೆಲ ನಿಮಿಷಗಳಲ್ಲಿ ಪೋರ್ಟ್‌ನ ಒಳಮೈ ಮಂಜಾಗುವುದು ಖಚಿತ. ತಣ್ಣನೆಯ ಒಣ ಜಾಗದಲ್ಲಿ ಮುಚ್ಚಿ, ಹೊಸ ಸಿಲಿಕಾ ಜೆಲ್ ಪೊಟ್ಟಣ ಇಡಿ. ಹೌಸಿಂಗಿನ ಅಂಚನ್ನು ಮುಚ್ಚುವ ರಬ್ಬರ್ ಬಳೆ ಓ-ರಿಂಗ್ ಮೇಲೆ ಒಂದು ಕೂದಲೆಳೆ ಸಾಕು ಸೋರಲು. ಆಳದಲ್ಲಿ ನೀರಿನ ಒತ್ತಡವೇ ಅದನ್ನು ಬಿಗಿಯುವುದರಿಂದ ಸೋರಿಕೆ ಹೆಚ್ಚಾಗಿ ಶುರುವಾಗುವುದು ಮೊದಲ ಒಂದು ಮೀಟರಿನಲ್ಲಿ. ಅಲ್ಲೇ ನಿಂತು ಗುಳ್ಳೆ ಬರುತ್ತಿದೆಯೇ ನೋಡಿ. ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಕೊಡುವ ರೆಗ್ಯುಲೇಟರ್ 10 ಡಿಗ್ರಿಗಿಂತ ಕೆಳಗಿನ ನೀರಿಗೆ ಪರೀಕ್ಷೆಯಾದದ್ದೇ ಆಗಿರಬೇಕು. ಹಿಗ್ಗುವ ಗಾಳಿ ತಣ್ಣಗಾಗಿ ಸಿಲಿಂಡರಿಗೆ ಜೋಡಿಸಿದ ಅದರ ಮೊದಲ ಭಾಗ, ಫಸ್ಟ್ ಸ್ಟೇಜ್, ಹೆಪ್ಪುಗಟ್ಟಬಹುದು, ಆಗ ಗಾಳಿ ನಿಲ್ಲದೆ ಸುರಿಯುತ್ತದೆ. ಉಸಿರೆಳೆಯುತ್ತಲೇ ನೀರು ಒಳಬಿಡದ ಉಡುಪಾದ ಡ್ರೈಸೂಟ್‌ಗೂ ಗಾಳಿ ತುಂಬುವ ಅಭ್ಯಾಸ ಬಿಡಿ. ತಲೆ ಕೆಳಗಾಗಿ ಫೋಟೊ ತೆಗೆಯುವಾಗ ಡ್ರೈಸೂಟಿನ ಗಾಳಿ ಕಾಲಿಗೇರಿ ಮೇಲಕ್ಕೆಳೆಯುತ್ತದೆ ಎಂಬುದೂ ನೆನಪಿರಲಿ.

ಕ್ಯಾಮೆರಾದ ಗಡಿಯಾರವನ್ನು ಡೈವ್ ಕಂಪ್ಯೂಟರಿಗೆ ಹೊಂದಿಸಿಟ್ಟರೆ ಪ್ರತಿ ಫೋಟೊದ ಆಳವೂ ಸಿಗುತ್ತದೆ. ಬ್ರಿಟನ್ನಿನ ಸ್ವಯಂಸೇವಕ ಡೈವರ್‌ಗಳ ಸೀಸರ್ಚ್ ಸಮೀಕ್ಷೆಗೆ ಕೊಡುವಾಗ ಉಬ್ಬರದ ಎತ್ತರ ಕಳೆಯಬೇಕು: 18 ಮೀಟರ್ ತೋರಿಸಿದಾಗ ಉಬ್ಬರ 4 ಮೀಟರ್ ಇದ್ದರೆ ಚಾರ್ಟ್ ಡೇಟಮ್ ಎನ್ನುವ ಶೂನ್ಯಮಟ್ಟದಿಂದ 14. ಹೆಸರು ಎಲ್ಲಿಯವರೆಗೆ ಖಚಿತವೋ ಅಲ್ಲಿಗೇ ನಿಲ್ಲಿಸಿ. ಹೆನ್ರಿಶಿಯಾ ನಕ್ಷತ್ರಮೀನುಗಳನ್ನು ಫೋಟೊದಲ್ಲಿ ಬೇರ್ಪಡಿಸಲಾಗದು, ಕುಲದ ಹೆಸರಷ್ಟೇ ಬರೆಯಿರಿ. ಪಾಲಿಸೆರಾ ಕ್ವಾಡ್ರಿಲಿನಿಯಾಟಾ ಎಂಬ ನ್ಯೂಡಿಬ್ರಾಂಕ್ ಎಂದು ಬರೆದವರ ಪಟ್ಟಿಯಲ್ಲೂ 2020ರಲ್ಲಿ ಪಾಲಿಸೆರಾ ನಾರ್ವೆಜಿಕಾ ಎಂಬ ಇನ್ನೊಂದು ಪ್ರಭೇದ ಬೇರೆಯಾಯಿತು, ಆದ್ದರಿಂದ ಮೂಲ ಫೈಲ್ ಅಳಿಸಬೇಡಿ. ಸ್ಪಂಜುಗಳ ಪೈಕಿ ಅನೇಕವಕ್ಕೆ ಫೋಟೊ ಸಾಕಾಗುವುದೇ ಇಲ್ಲ. ಅನುಮತಿ ಪಡೆದು ಉಗುರಿಗಿಂತ ಚಿಕ್ಕ ಚೂರು ತಂದು, ಮನೆಬಳಕೆಯ ಬ್ಲೀಚ್‌ನಲ್ಲಿ ಮಾಂಸ ಕರಗಿಸಿ, ತಳದಲ್ಲಿ ಉಳಿದ ಗಾಜಿನ ಸೂಜಿಗಳನ್ನು ತೊಳೆದು ಸೂಕ್ಷ್ಮದರ್ಶಕದಡಿ ಇಡಬೇಕು. ಚೂರು ಕತ್ತರಿಸುವ ಮೊದಲು ಇಡೀ ಸ್ಪಂಜಿನ ಫೋಟೊ ತೆಗೆದಿರಬೇಕು, ಚೂರಿನ ಡಬ್ಬಿಯ ಮೇಲೆ ಆ ಫೋಟೊದ ಸಂಖ್ಯೆ ಬರೆದಿರಬೇಕು.