ಪದ ಪರಿಚಯ: ಆರ್ ನೋಟ್‌ಬುಕ್‌ನಲ್ಲಿ ಕಾನ್ಫಿಗ್ ಫೈಲ್

ಡೇಟಾ ಯಾವ ಫೋಲ್ಡರ್‌ನಲ್ಲಿದೆ ಎಂಬಂಥ ವಿವರಗಳನ್ನು ಕೋಡ್‌ನಿಂದ ತೆಗೆದು ಬೇರೆ ಕಡೆ ಬರೆದಿಡುವ ಫೈಲೇ ಕಾನ್ಫಿಗ್ ಫೈಲ್. ಆರ್ ಎಂಬುದು ಡೇಟಾ ವಿಶ್ಲೇಷಣೆಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ. ಅದರ ಕೋಡ್ ಮತ್ತು ವಿವರಣೆಯನ್ನು ಒಟ್ಟಿಗೆ ಬರೆಯುವ ಫೈಲೇ ನೋಟ್‌ಬುಕ್.

ಮೊದಲ ಚಂಕ್‌ನಲ್ಲೇ (ಕೋಡ್‌ನ ತುಣುಕಿನಲ್ಲೇ) ಸೆಟ್‌ಡಬ್ಲ್ಯೂಡಿ (ಆರ್ ಯಾವ ಫೋಲ್ಡರ್‌ನಲ್ಲಿ ನಿಂತು ಕೆಲಸ ಮಾಡಬೇಕು ಎಂದು ಹೇಳುವ ಆಜ್ಞೆ) ಹಾಕಿ, ಸಿ ಡ್ರೈವ್‌ನಿಂದ ಶುರುವಾಗುವ ಉದ್ದನೆಯ ಪಾತ್ (ಫೋಲ್ಡರ್‌ನ ವಿಳಾಸ) ಕೊಟ್ಟಿರುವ ನೋಟ್‌ಬುಕ್‌ಗಳನ್ನು ನೀವು ನೋಡಿರುತ್ತೀರಿ. ಬರೆದವರ ಲ್ಯಾಪ್‌ಟಾಪ್‌ನಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಲಿನಕ್ಸ್ ಸರ್ವರ್‌ಗೆ ಹಾಕಿದರೆ ನಿಂತುಬಿಡುತ್ತದೆ. ಅಲ್ಲಿ ಸಿ ಡ್ರೈವೇ ಇಲ್ಲ, ಅಲ್ವಾ? ಜೊತೆಗಿರುವವರು ಪಾತ್ ತಿದ್ದಿ ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿ ಹಂಚಿಕೊಳ್ಳುವ ವ್ಯವಸ್ಥೆಗೆ) ಕಮಿಟ್ ಮಾಡಿದರೆ ಈಗ ಮೊದಲಿನವರಿಗೆ ಓಡುವುದಿಲ್ಲ. ಲೆಕ್ಕದಲ್ಲಿ ಏನೂ ಬದಲಾಗಿಲ್ಲ, ಆದರೂ ಫೈಲ್ ಸುಮ್ನೆ ಬದಲಾಗುತ್ತಲೇ ಇರುತ್ತದೆ. ಡೇಟಾದ ಜಾಗ ಆಯಾ ಕಂಪ್ಯೂಟರ್‌ಗೆ ಸೇರಿದ ವಿಷಯ. ಅದು ನೋಟ್‌ಬುಕ್ ಒಳಗೆ ಇರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆರ್‌ನಲ್ಲಿ ಇದಕ್ಕೆಂದೇ ಕಾನ್ಫಿಗ್ ಎಂಬ ಪ್ಯಾಕೇಜ್ (ಸಿದ್ಧ ಕೋಡ್‌ನ ಕಟ್ಟು) ಇದೆ. ಪ್ರಾಜೆಕ್ಟ್‌ನ ಮೂಲ ಫೋಲ್ಡರ್‌ನಲ್ಲಿ ‘ಕಾನ್ಫಿಗ್.ವೈಎಂಎಲ್’ ಎಂಬ ಸಣ್ಣ ಟೆಕ್ಸ್ಟ್ ಫೈಲ್ ಇಡಬೇಕು. ಅದರ ರೂಪ ಹೀಗಿರುತ್ತದೆ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ):

ಡೀಫಾಲ್ಟ್:
  ಡೇಟಾ_ಡಿರ್: "ಡೇಟಾ"
ಸರ್ವರ್:
  ಡೇಟಾ_ಡಿರ್: "/ಎಂಎನ್‌ಟಿ/ಡೇಟಾ"

ಒಳಗಿನ ಸಾಲುಗಳನ್ನು ಸ್ಪೇಸ್ ಒತ್ತಿಯೇ ಸರಿಸಬೇಕು, ಟ್ಯಾಬ್ ನಡೆಯುವುದಿಲ್ಲ. ಡೀಫಾಲ್ಟ್ ಭಾಗ ಇರಲೇಬೇಕು. ಸರ್ವರ್ ಭಾಗದಲ್ಲಿ ಬೇರೆಯಾಗಬೇಕಾದ್ದನ್ನು ಮಾತ್ರ ಬರೆದರೆ ಸಾಕು, ಉಳಿದದ್ದು ಡೀಫಾಲ್ಟ್‌ನಿಂದ ಬರುತ್ತದೆ. ಆರ್ ಶುರುವಾಗುವಾಗ ಓದುವ, ಸರ್ವರ್‌ನ ‘.ಆರ್‌ಎನ್ವೈರಾನ್’ ಫೈಲಿನಲ್ಲಿ ‘ಆರ್_ಕಾನ್ಫಿಗ್_ಆಕ್ಟಿವ್’ ಎಂಬ ವೇರಿಯೇಬಲ್‌ಗೆ ‘ಸರ್ವರ್’ ಎಂದು ಕೊಟ್ಟು ಆರ್ ಅನ್ನು ಮತ್ತೆ ಶುರು ಮಾಡಿ. ನೋಟ್‌ಬುಕ್‌ನಲ್ಲಿ ಬರೆಯುವುದು ಎರಡೂ ಕಡೆ ಒಂದೇ: ‘ಕಾನ್ಫಿಗ್::ಗೆಟ್("ಡೇಟಾ_ಡಿರ್")’. ಹೀಗೆ ಎರಡು ಕೋಲನ್ ಹಾಕಿಯೇ ಕರೆಯಿರಿ. ಪ್ಯಾಕೇಜನ್ನು ಲೈಬ್ರರಿ ಎಂದು ಲೋಡ್ ಮಾಡಿದರೆ ಆರ್‌ನ ಸ್ವಂತ ಗೆಟ್ ಮತ್ತು ಮರ್ಜ್ ಎಂಬ ಫಂಕ್ಷನ್‌ಗಳು ಮರೆಯಾಗುತ್ತವೆ.

ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ನೋಟ್‌ಬುಕ್ ಒಂದು ಒಳ ಫೋಲ್ಡರ್‌ನಲ್ಲಿದೆ ಎಂದುಕೊಳ್ಳಿ. ನಿಟ್ ಮಾಡುವಾಗ (ನೋಟ್‌ಬುಕ್ ಪೂರ್ತಿ ಓಡಿಸಿ ವರದಿ ಮಾಡುವಾಗ) ಆರ್ ಸಾಮಾನ್ಯವಾಗಿ ಆ ಒಳ ಫೋಲ್ಡರ್‌ನಲ್ಲೇ ನಿಂತು ಕೆಲಸ ಮಾಡುತ್ತದೆ. ಕನ್ಸೋಲ್‌ನಲ್ಲಾದರೆ (ಆಜ್ಞೆಗಳನ್ನು ನೇರವಾಗಿ ಟೈಪ್ ಮಾಡುವ ಕಡೆ) ಪ್ರಾಜೆಕ್ಟ್‌ನ ಮೂಲದಲ್ಲಿರುತ್ತದೆ. ಕಾನ್ಫಿಗ್ ಪ್ಯಾಕೇಜ್ ತನ್ನ ಫೈಲನ್ನು ಮೇಲಿನ ಫೋಲ್ಡರ್‌ಗಳಲ್ಲಿ ಹುಡುಕಿ ಓದಿಕೊಳ್ಳುತ್ತದೆ, ಸರಿ. ಆದರೆ ಸಿಕ್ಕ ಉತ್ತರ ಬರೀ ‘ಡೇಟಾ’. ಅದನ್ನು ಆರ್ ತಾನು ನಿಂತಲ್ಲೇ ಹುಡುಕುತ್ತದೆ, ಫೈಲ್ ಇಲ್ಲ ಎನ್ನುತ್ತದೆ. ಕನ್ಸೋಲ್‌ನಲ್ಲಿ ಓಡಿದ ಸಾಲು ನಿಟ್ ಮಾಡುವಾಗ ಕೈಕೊಡುವುದು ಇದಕ್ಕೇ.

ಇಲ್ಲಿ ‘ಹಿಯರ್’ ಪ್ಯಾಕೇಜ್ ನೆರವಾಗುತ್ತದೆ. ಪ್ರಾಜೆಕ್ಟ್‌ನ ಗುರುತಾದ ಆರ್‌ಪ್ರೊಜ್ ಫೈಲೋ ಗಿಟ್ ಫೋಲ್ಡರೋ ಎಲ್ಲಿದೆ ನೋಡಿ ಪ್ರಾಜೆಕ್ಟ್‌ನ ಮೂಲವನ್ನು ಅದು ಪತ್ತೆ ಮಾಡುತ್ತದೆ. ಕಾನ್ಫಿಗ್ ಕೊಟ್ಟ ಪಾತ್ ಮತ್ತು ಫೈಲಿನ ಹೆಸರು, ಎರಡನ್ನೂ ‘ಹಿಯರ್::ಹಿಯರ್’ಗೆ ಕೊಡಿ. ‘ಡೇಟಾ’ ಎಂದಿದ್ದರೆ ಮೂಲದಿಂದ ಜೋಡಿಸುತ್ತದೆ. ಸರ್ವರ್‌ನ ಹಾಗೆ ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ತಿ ಪಾತ್ ಇದ್ದರೆ ಅದಕ್ಕೆ ಮೂಲವನ್ನು ಸೇರಿಸುವುದಿಲ್ಲ.

ಪಾಸ್‌ವರ್ಡ್‌ಗಳನ್ನು ಮಾತ್ರ ಕಾನ್ಫಿಗ್ ಫೈಲಿನಲ್ಲಿ ಇಡಬೇಡಿ, ಅದು ಗಿಟ್‌ಗೆ ಹೋಗುತ್ತದೆ. ಅವು ‘.ಆರ್‌ಎನ್ವೈರಾನ್’ನಲ್ಲಿರಲಿ. ಆ ಫೈಲಿನ ಹೆಸರನ್ನು, ಗಿಟ್ ಕಡೆಗಣಿಸಬೇಕಾದ ಫೈಲ್‌ಗಳ ಪಟ್ಟಿಯಾದ ‘.ಗಿಟ್‌ಇಗ್ನೋರ್’ಗೆ ಸೇರಿಸಿ.