ವಿಯೆಟ್ನಾಂಗೆ ಹೊರಡುವ ಮುಂಚೆ ಓದಿಕೊಂಡಿದ್ದು: ಮಳೆಯ ಲೆಕ್ಕ, ದುಡ್ಡಿನ ಲೆಕ್ಕ, ಒಂದಿಷ್ಟು ಊಟ

"ವಿಯೆಟ್ನಾಂನಲ್ಲಿ ಮಳೆಗಾಲ ಯಾವಾಗ?" ಅಂತ ಹೋಗಿಬಂದವರನ್ನು ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಮೇಯಿಂದ ಅಕ್ಟೋಬರ್ ಅಂತ ಒಬ್ಬರು, ಸೆಪ್ಟೆಂಬರ್‌ನಿಂದ ಡಿಸೆಂಬರ್ ಅಂತ ಇನ್ನೊಬ್ಬರು, ಫೆಬ್ರವರಿಯಲ್ಲಿ ಹನೋಯ್‌ನ ಜಿಟಿಜಿಟಿ ಮಳೆಗೆ ನಡುಗಿದೆವು ಅಂತ ಮತ್ತೊಬ್ಬರು. ಮೂವರೂ ಹೇಳುವುದು ಸರಿ. ಅದು ಹೇಗೆ ಸರಿ ಅನ್ನುವುದು ತಲೆಗೆ ಹೋದ ಮೇಲೆ ಮಿಕ್ಕ ಪ್ಲಾನ್ ಎಲ್ಲ ಸಲೀಸು. ಹಾಗಾಗಿ ಇಲ್ಲಿ ಮಳೆಯದೇ ದೊಡ್ಡ ಪಾಲು. ಸಿಮ್ ಕಾರ್ಡ್, ಹೋಟೆಲ್ ಬುಕಿಂಗ್, ಬ್ಯಾಗು ತುಂಬುವುದು ಇವೆಲ್ಲ ನಿಮಗೇ ಗೊತ್ತಿರುತ್ತದೆ, ಬರೆದಿಲ್ಲ.

ಗಾಳಿ ಯಾವ ಕಡೆಯಿಂದ, ಬೆಟ್ಟ ಯಾವ ಕಡೆ

ಮೊದಲು ನಕ್ಷೆ ತೆಗೆಯಿರಿ. ದೇಶದ ಉದ್ದ ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್. ನಡುವೆ ಒಂದು ಕಡೆ ಅಗಲ ಬರೀ 50 ಕಿಲೋಮೀಟರ್ ಆಸುಪಾಸು. ಉತ್ತರದ ಹನೋಯ್ ನಮ್ಮ ನಾಗಪುರದ ಅಕ್ಷಾಂಶದಲ್ಲಿದೆ. ದಕ್ಷಿಣದ ಸೈಗಾನ್ (1976ರಿಂದ ಹೋ ಚಿ ಮಿನ್ ಸಿಟಿ, ಆದರೆ ಜನರ ಬಾಯಲ್ಲಿ ಈಗಲೂ ಸೈಗಾನ್) ತಿರುಚಿರಾಪಳ್ಳಿಯ ಅಕ್ಷಾಂಶದಲ್ಲಿದೆ. ನಾಗಪುರಕ್ಕೂ ತಿರುಚಿಗೂ ಒಂದೇ ಹವೆ ಅಂತ ನಾವು ಅಂದುಕೊಳ್ಳುವುದಿಲ್ಲ ಅಲ್ವಾ? ಆದರೆ ದೇಶದ ಹೆಸರು ಒಂದೇ ಆದ ಕೂಡಲೇ ಹವೆಯೂ ಒಂದೇ ಇರಬೇಕು ಅನ್ನಿಸಿಬಿಡುತ್ತದೆ.

ಇನ್ನು ಬೆಟ್ಟ. ಲಾವೋಸ್ ಗಡಿಯುದ್ದಕ್ಕೂ ಅನ್ನಮೈಟ್ ಅನ್ನುವ ಬೆಟ್ಟಸಾಲಿದೆ. ಮಧ್ಯ ವಿಯೆಟ್ನಾಂನ ಹ್ಯೂ, ಡಾ ನಾಂಗ್, ಹೊಯ್ ಆನ್ ಮೂರೂ ಈ ಸಾಲಿನ ಪೂರ್ವಕ್ಕೆ, ಬೆಟ್ಟಕ್ಕೂ ಸಮುದ್ರಕ್ಕೂ ನಡುವಿನ ಪಟ್ಟಿಯಲ್ಲಿವೆ.

ಈಗ ನಮ್ಮ ಘಟ್ಟವನ್ನು ನೆನೆಸಿಕೊಳ್ಳಿ. ಜೂನ್‌ನಲ್ಲಿ ನೈಋತ್ಯ ಗಾಳಿ ಅರಬ್ಬಿ ಸಮುದ್ರದ ನೀರು ಹೊತ್ತು ಬಂದು ಘಟ್ಟಕ್ಕೆ ಬಡಿಯುತ್ತದೆ. ಆಗುಂಬೆಯಲ್ಲಿ ಸುರಿಯುತ್ತದೆ. ಘಟ್ಟ ದಾಟಿ ಚಳ್ಳಕೆರೆಗೆ ಬರುವಷ್ಟರಲ್ಲಿ ಗಾಳಿಯಲ್ಲಿ ನೀರು ಉಳಿದಿರುವುದಿಲ್ಲ. ವಿಯೆಟ್ನಾಂನಲ್ಲೂ ಜೂನ್‌ನಲ್ಲಿ ಬೀಸುವುದು ನೈಋತ್ಯ ಗಾಳಿಯೇ. ಆದರೆ ಅಲ್ಲಿ ಸಮುದ್ರ ಪೂರ್ವಕ್ಕಿದೆ, ಪಶ್ಚಿಮಕ್ಕಿರುವುದು ಲಾವೋಸ್. ಹಾಗಾಗಿ ಮಳೆ ಬೆಟ್ಟದ ಆಚೆ, ಲಾವೋಸ್ ಮಗ್ಗುಲಲ್ಲೇ ಸುರಿದು ಮುಗಿಯುತ್ತದೆ. ಈಚೆ ಇಳಿಯುವುದು ಒಣ ಗಾಳಿ, ಇಳಿಯುತ್ತಾ ಇನ್ನೂ ಕಾಯುತ್ತದೆ. ಅಲ್ಲಿಯವರು ಅದನ್ನು ಲಾವೋಸ್ ಗಾಳಿ ಅಂತಲೇ ಕರೆಯುತ್ತಾರೆ. ಅಂದರೆ ಜೂನ್-ಜುಲೈ ಮಟ್ಟಿಗೆ, ಸಮುದ್ರದ ದಡದಲ್ಲೇ ಇರುವ ಡಾ ನಾಂಗ್ ಊರು ಚಳ್ಳಕೆರೆಯ ಜಾಗದಲ್ಲಿದೆ.

ನನಗೆ ಅರ್ಥವಾಗದೆ ನಿಂತುಹೋಗಿದ್ದು ಇಲ್ಲೇ. ಸಮುದ್ರದ ದಡ ಅಂದರೆ ಮಂಗಳೂರು, ಮಂಗಳೂರು ಅಂದರೆ ಜೂನ್ ಮಳೆ, ಅನ್ನುವ ಗಂಟು ನಮ್ಮ ತಲೆಯಲ್ಲಿ ಗಟ್ಟಿಯಾಗಿದೆ. ಅದನ್ನು ಬಿಚ್ಚಬೇಕು. ಮಳೆ ಬರುವುದು ಸಮುದ್ರ ಹತ್ತಿರ ಇದೆ ಅಂತಲ್ಲ. ಗಾಳಿ ಸಮುದ್ರದ ಮೇಲಿಂದ ಬಂದು ಬೆಟ್ಟಕ್ಕೆ ಬಡಿಯಬೇಕು. ಗಾಳಿಯ ದಿಕ್ಕು ಗೊತ್ತಾದರೆ ಬೆಟ್ಟದ ಯಾವ ಮಗ್ಗುಲು ನೆನೆಯುತ್ತದೆ ಅಂತ ನೀವೇ ಹೇಳಬಹುದು.

ಈಗ ಅದೇ ಸೂತ್ರ ಇಟ್ಟುಕೊಂಡು ಅಕ್ಟೋಬರ್‌ಗೆ ಬನ್ನಿ. ಗಾಳಿ ತಿರುಗಿದೆ, ಚೀನಾ ಕಡೆಯಿಂದ ಈಶಾನ್ಯ ಗಾಳಿ ಬೀಸುತ್ತಿದೆ. ಅದು ಸಮುದ್ರದ ಮೇಲೆ ಹಾದು ನೀರು ತುಂಬಿಕೊಂಡು ಅದೇ ಬೆಟ್ಟಸಾಲಿಗೆ ಬಡಿಯುತ್ತದೆ, ಈ ಸಲ ಪೂರ್ವದ ಮಗ್ಗುಲಿಗೆ. ಈಗ ಹ್ಯೂ ಊರೇ ಆಗುಂಬೆ. ಅಕ್ಟೋಬರ್ ಒಂದೇ ತಿಂಗಳಲ್ಲಿ ಅಲ್ಲಿ ಸರಾಸರಿ 700 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಹತ್ತಿರ ಹತ್ತಿರ ಸಾವಿರ ಮಿಲಿಮೀಟರ್. ಇದರ ಜೊತೆಗೆ ಚಂಡಮಾರುತಗಳೂ ಸೇರುತ್ತವೆ. 2020ರ ಅಕ್ಟೋಬರ್‌ನಲ್ಲಿ ಮಧ್ಯ ವಿಯೆಟ್ನಾಂ ವಾರಗಟ್ಟಲೆ ನೆರೆಯಲ್ಲಿ ಮುಳುಗಿತ್ತು. ಹೊಯ್ ಆನ್‌ನ ಹಳೇ ಪೇಟೆ ನದಿ ದಡದಲ್ಲೇ ಇದೆ, ಅಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ಬೀದಿಗೆ ನೀರು ನುಗ್ಗುವುದು ಹೊಸದಲ್ಲ.

ದಕ್ಷಿಣಕ್ಕೆ ಇದೇ ಸೂತ್ರ ಹಾಕಿ. ಸೈಗಾನ್, ಮೆಕಾಂಗ್ ಬಯಲಲ್ಲಿ ಪಶ್ಚಿಮಕ್ಕೆ ಅಡ್ಡ ಬೆಟ್ಟವೇ ಇಲ್ಲ. ನೈಋತ್ಯ ಗಾಳಿ ನೇರವಾಗಿ ಒಳಗೆ ಬರುತ್ತದೆ, ಮೇಯಿಂದ ಅಕ್ಟೋಬರ್-ನವೆಂಬರ್‌ವರೆಗೆ ಮಳೆ. ಆದರೆ ಹೆದರಬೇಡಿ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಜೋರಾಗಿ ಸುರಿದು ಬಿಟ್ಟುಬಿಡುತ್ತದೆ. ಬೆಳಗ್ಗೆ ಬೇಗ ಸುತ್ತಾಡಿ, ಮೂರು ಗಂಟೆ ಹೊತ್ತಿಗೆ ಒಂದು ಕಾಫಿ ಅಂಗಡಿ ಸೇರಿಕೊಂಡರೆ ಆಯಿತು.

ಉತ್ತರದ ಕಥೆ ಬೇರೆ. ಅಲ್ಲಿ ಬೇಸಿಗೆಯಲ್ಲೇ ಮಳೆ, ಮೇಯಿಂದ ಸೆಪ್ಟೆಂಬರ್. ಆಮೇಲೆ ನಿಜವಾದ ಚಳಿಗಾಲವೂ ಇದೆ. ಜನವರಿಯಲ್ಲಿ ಹನೋಯ್‌ನ ಸರಾಸರಿ 16-17 ಡಿಗ್ರಿ. ಕಾಗದದ ಮೇಲೆ ಇದು ಏನೂ ಅಲ್ಲ, ಆದರೆ ಹವೆಯಲ್ಲಿ ತೇವ ಜಾಸ್ತಿ, ಎಷ್ಟೋ ಕಡೆ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಇಲ್ಲ, ಹಾಗಾಗಿ ಮೈ ಕೊರೆಯುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಚೀನಾದ ತಣ್ಣನೆ ಗಾಳಿ ಸಮುದ್ರದ ಮೇಲೆ ಸುತ್ತಿಕೊಂಡು ಬರುತ್ತದೆ. ಆಗಲೇ ಆ ಜಿಟಿಜಿಟಿ. ನೆಲ, ಗೋಡೆ ಎಲ್ಲ ಬೆವರುತ್ತವೆ, ಒಗೆದ ಬಟ್ಟೆ ಒಣಗುವುದಿಲ್ಲ. ಇನ್ನೂ ಮೇಲೆ ಸಾ ಪಾ ಬೆಟ್ಟದೂರಿಗೆ ಹೋದರೆ ಕೆಲವು ವರ್ಷ ಹಿಮವೂ ಬೀಳುತ್ತದೆ. ಉಷ್ಣವಲಯದ ದೇಶ ಅಂತ ಬರೀ ಟೀ ಶರ್ಟ್ ತುಂಬಿಕೊಂಡು ಹೋಗಬೇಡಿ.

ಇನ್ನೊಂದು ಗೆರೆ ನೆನಪಿಡಿ: ಹೈ ವಾನ್ ಘಾಟಿ. ಎತ್ತರ ಹೆಚ್ಚೇನಿಲ್ಲ, 496 ಮೀಟರ್. ಹ್ಯೂಗೂ ಡಾ ನಾಂಗ್‌ಗೂ ನಡುವೆ ಬೆಟ್ಟ ಇಲ್ಲಿ ನೇರ ಸಮುದ್ರಕ್ಕೇ ಇಳಿದಿದೆ. ಉತ್ತರದ ತಣ್ಣನೆ ಗಾಳಿಯನ್ನು ಇದು ತಡೆಯುತ್ತದೆ. ಎರಡು ಊರಿಗೂ ದೂರ ಸುಮಾರು 100 ಕಿಲೋಮೀಟರ್ ಅಷ್ಟೇ, ಆದರೂ ಚಳಿಗಾಲದಲ್ಲಿ ಹ್ಯೂನಲ್ಲಿ ಮೋಡ ಕವಿದು ಚಳಿ ಇರುವಾಗ ಡಾ ನಾಂಗ್‌ನಲ್ಲಿ ಬಿಸಿಲಿರಬಹುದು. ಒಂದು ಊರಿನ ಹವೆ ನೋಡಿ ಇನ್ನೊಂದನ್ನು ಬಿಟ್ಟುಬಿಡಬೇಡಿ.

ನಮ್ಮ ರಜೆಗೆ ಯಾವುದು ಹೊಂದುತ್ತದೆ

ಹೋಗುವ ತಿಂಗಳು ಮೊದಲು ಗೊತ್ತಾಗಲಿ, ಆಮೇಲೆ ಊರು ಆರಿಸಿ. ಜಾಸ್ತಿ ಜನ ಉಲ್ಟಾ ಮಾಡುತ್ತಾರೆ. ಹೊಯ್ ಆನ್‌ನ ದೀಪದ ಫೋಟೋ ನೋಡಿ ದಸರಾ ರಜೆಗೆ ಟಿಕೆಟ್ ತೆಗೆಯುತ್ತಾರೆ.

ದಸರಾ, ದೀಪಾವಳಿ ರಜೆಗೆ ಉತ್ತರ ಒಳ್ಳೆಯದು. ಹನೋಯ್, ನಿನ್ ಬಿನ್, ಹಾ ಲಾಂಗ್ ಕೊಲ್ಲಿ. ಅಕ್ಟೋಬರ್-ನವೆಂಬರ್‌ನಲ್ಲಿ ಅಲ್ಲಿ ಆಕಾಶ ತಿಳಿಯಾಗಿ, ಸೆಕೆ ಇಳಿದಿರುತ್ತದೆ. ಸೆಪ್ಟೆಂಬರ್‌ನಲ್ಲೇ ಹೋಗುವವರು ಚಂಡಮಾರುತದ ಸುದ್ದಿ ನೋಡುತ್ತಿರಿ, 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಹಾ ಲಾಂಗ್ ಕಡೆಯೇ ಬಡಿದಿತ್ತು. ಅಂಥ ಹೊತ್ತಲ್ಲಿ ದೋಣಿ ಬಿಡುವುದಿಲ್ಲ, ಹಾಗಾಗಿ ಹಾ ಲಾಂಗ್‌ಗೆ ಒಂದು ದಿನ ಸಡಿಲ ಇಟ್ಟುಕೊಳ್ಳಿ. ಕ್ರಿಸ್‌ಮಸ್ ರಜೆಗೆ ದಕ್ಷಿಣ: ಸೈಗಾನ್, ಮೆಕಾಂಗ್, ಫು ಕ್ವಾಕ್ ದ್ವೀಪ. ಮೂರು ಭಾಗವನ್ನೂ ಒಂದೇ ಸಲ ನೋಡಬೇಕು ಅನ್ನುವವರಿಗೆ ನನ್ನ ಪ್ರಕಾರ ಮಾರ್ಚ್ ಕೊನೆಯಿಂದ ಏಪ್ರಿಲ್. ಉತ್ತರದಲ್ಲಿ ಜಿಟಿಜಿಟಿ ಮುಗಿಯುತ್ತಾ ಬಂದಿರುತ್ತದೆ, ಮಧ್ಯದಲ್ಲಿ ಒಣ ಹವೆ, ದಕ್ಷಿಣದಲ್ಲಿ ಮಾತ್ರ ಸುಡು ಬಿಸಿಲು. ಮಕ್ಕಳ ಬೇಸಿಗೆ ರಜೆಯ ಶುರುವಿಗೂ ಇದು ಸರಿಹೋಗುತ್ತದೆ. ಏಪ್ರಿಲ್ 30 ಮತ್ತು ಮೇ 1 ಅವರಿಗೆ ರಾಷ್ಟ್ರೀಯ ರಜೆ, ಆ ಎರಡು ದಿನದ ಸುತ್ತಮುತ್ತ ಕಡಲತೀರಗಳಲ್ಲಿ ಜಾಗ ಸಿಗುವುದಿಲ್ಲ.

ಟೆಟ್ ಹಬ್ಬ, ಅಂದರೆ ಅವರ ಹೊಸ ವರ್ಷ, ಚಾಂದ್ರಮಾನದ ಲೆಕ್ಕದಲ್ಲಿ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. 2026ರಲ್ಲಿ ಫೆಬ್ರವರಿ 17, 2027ರಲ್ಲಿ ಫೆಬ್ರವರಿ 6. ಎಲ್ಲರೂ ಊರಿಗೆ ಹೋಗುತ್ತಾರೆ, ರೈಲು ಬಸ್ಸು ತುಂಬಿರುತ್ತವೆ, ಅಂಗಡಿಗಳು ಮುಚ್ಚಿರುತ್ತವೆ. ಮೊದಲ ಸಲ ಹೋಗುವವರು ಆ ವಾರ ಬಿಟ್ಟುಬಿಡಿ.

ಮಧ್ಯ ಭಾಗಕ್ಕೆ ಹೋದರೆ ಮಿ ಸನ್ ತಪ್ಪಿಸಬೇಡಿ. ಚಂಪಾ ರಾಜರ ಶಿವ ದೇವಾಲಯಗಳು, ಇಟ್ಟಿಗೆಯವು, ಸಂಸ್ಕೃತದ ಶಾಸನಗಳಿವೆ. ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೇ ಅಲ್ಲಿ ಜೀರ್ಣೋದ್ಧಾರ ಮಾಡಿದೆ. 2020ರಲ್ಲಿ ಆ ಕೆಲಸದ ನಡುವೆ 9ನೇ ಶತಮಾನದ ಒಂದು ಏಕಶಿಲಾ ಶಿವಲಿಂಗ ಸಿಕ್ಕಿತು. ಸುತ್ತ ಬೆಟ್ಟ ಇರುವ ಬಟ್ಟಲಿನಂಥ ಕಣಿವೆ ಅದು, ಹತ್ತು ಗಂಟೆ ಮೇಲೆ ನಿಲ್ಲಲಾಗದ ಸೆಕೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.

ಸೊನ್ನೆಗಳು

ಅವರ ದುಡ್ಡು ಡಾಂಗ್. ಸುಮಾರು 300 ಡಾಂಗ್‌ಗೆ ಒಂದು ರೂಪಾಯಿ ಅಂತ ಇಟ್ಟುಕೊಳ್ಳಿ, ದರ ಆಚೀಚೆ ಆಗುತ್ತಿರುತ್ತದೆ. ಲೆಕ್ಕ ಮಾಡುವ ಸುಲಭ ದಾರಿ ಇದು: ಕೊನೆಯ ಎರಡು ಸೊನ್ನೆ ತೆಗೆಯಿರಿ, ಮೂರರಿಂದ ಭಾಗಿಸಿ. 45,000 ಡಾಂಗ್ ಅಂದರೆ 450, ಮೂರರಿಂದ ಭಾಗಿಸಿದರೆ 150 ರೂಪಾಯಿ. 12 ಲಕ್ಷ ಡಾಂಗ್‌ನ ಕೋಣೆ ಅಂದರೆ 12,000, ಭಾಗಿಸಿದರೆ 4,000 ರೂಪಾಯಿ. ದಿನಕ್ಕೆ ಹತ್ತು ಸಲ ಮಾಡಿದರೆ ಸಂಜೆ ಹೊತ್ತಿಗೆ ತಾನಾಗಿ ಬರುತ್ತದೆ, ಫೋನ್ ತೆಗೆಯುವುದೇ ಬೇಡ.

ಬೆಲೆ ಬರೆಯುವಾಗ ನಾವು ಅಲ್ಪವಿರಾಮ ಹಾಕುವ ಕಡೆ ಅವರು ಚುಕ್ಕಿ ಹಾಕುತ್ತಾರೆ. 50.000 ಅಂತ ಇದ್ದರೆ ಅದು ಐವತ್ತು ಸಾವಿರ, ಐವತ್ತಲ್ಲ. ಎಷ್ಟೋ ಕಡೆ ಸಾವಿರವನ್ನೂ ಬಿಟ್ಟು ಬರೀ 50 ಅಥವಾ 50ಕೆ ಅಂತ ಬರೆದಿರುತ್ತಾರೆ. ಅವರ ಎಣಿಕೆಯಲ್ಲಿ ಲಕ್ಷ ಇಲ್ಲ, ಸಾವಿರ ಆದ ಮೇಲೆ ಮಿಲಿಯನ್. ಒಂದು ಮಿಲಿಯನ್ ಅಂದರೆ ನಮ್ಮ ಹತ್ತು ಲಕ್ಷ, ಅಂದಾಜು 3,300 ರೂಪಾಯಿ.

ನೋಟಿನಲ್ಲಿ ಒಂದು ಎಚ್ಚರ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ ಛಾಯೆಯದೇ. ಎರಡರಲ್ಲೂ ಹೋ ಚಿ ಮಿನ್ ಅವರದೇ ಚಿತ್ರ. ಒಂದು 65 ರೂಪಾಯಿ ಚಿಲ್ಲರೆ, ಇನ್ನೊಂದು 1,650 ರೂಪಾಯಿ ಹತ್ತಿರ. ರಾತ್ರಿ ಟ್ಯಾಕ್ಸಿಯ ಮಬ್ಬು ಬೆಳಕಲ್ಲಿ ಗುರುತು ಸಿಗುವುದಿಲ್ಲ. ಐದು ಲಕ್ಷದ ನೋಟುಗಳನ್ನು ಬೇರೆ ಜೇಬಲ್ಲೇ ಇಡಿ.

ಸಸ್ಯಾಹಾರಿಗಳಿಗೆ

ನೆನಪಿಡಬೇಕಾದ ಪದ ಒಂದೇ: ಚಾಯ್. ಬೋರ್ಡಿನಲ್ಲಿ ಸಿ, ಎಚ್, ಎ, ವೈ ಅಂತ ಇರುತ್ತದೆ. ಅದು ಬೌದ್ಧರ ಸಸ್ಯಾಹಾರ. ಮಾಂಸ, ಮೀನು ಇಲ್ಲ, ಎಷ್ಟೋ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ-ಹುಣ್ಣಿಮೆ ಹೊತ್ತಿಗೆ, ಅಲ್ಲಿ ತುಂಬಾ ಜನ ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ಚಾಯ್ ಊಟ ಇನ್ನೂ ಸುಲಭವಾಗಿ ಸಿಗುತ್ತದೆ. ಪ್ರವಾಸದ ದಿನಗಳಲ್ಲಿ ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿಟ್ಟುಕೊಳ್ಳಿ.

ಮಾಮೂಲಿ ಹೋಟೆಲಿನಲ್ಲಿ "ಮಾಂಸ ಬೇಡ" ಅಂದರೆ ಸಾಲದು. ತುಂಡು ಮಾತ್ರ ತೆಗೆದು ಕೊಡಬಹುದು, ಸಾರು ಮಾಂಸದ್ದೇ ಇರುತ್ತದೆ. ಮೇಲಿಂದ ನ್ವಕ್ ಮಾಮ್, ಅಂದರೆ ಮೀನಿನ ಸಾಸ್, ಚಟ್ನಿಯಿಂದ ಹಿಡಿದು ಪಲ್ಯದವರೆಗೆ ಎಲ್ಲದರಲ್ಲೂ ಬೀಳುತ್ತದೆ. ಅವರ ಮಾತಿನ ಏರಿಳಿತ ನಮಗೆ ಬಾಯಲ್ಲಿ ಬರುವುದು ಕಷ್ಟ. ಮಾಂಸ, ಮೀನು, ಮೀನಿನ ಸಾಸ್ ಬೇಡ ಅನ್ನುವುದನ್ನು ಅವರ ಲಿಪಿಯಲ್ಲೇ ಫೋನ್‌ನಲ್ಲಿ ಇಟ್ಟುಕೊಂಡು ತೋರಿಸಿ. ಮೊಸರು ಸಿಗುತ್ತದೆ, ಆದರೆ ಹೆಚ್ಚಾಗಿ ಸಿಹಿ ಹಾಕಿದ್ದು, ಮೊಸರನ್ನಕ್ಕೆ ಆಗುವುದಿಲ್ಲ.

ರೈಲು, ರಸ್ತೆ, ವೀಸಾ

ಹನೋಯ್-ಸೈಗಾನ್ ರೈಲು ಮಾರ್ಗ 1,726 ಕಿಲೋಮೀಟರ್, 1936ರಲ್ಲಿ ಪೂರ್ತಿಯಾಗಿದ್ದು. ಪೂರ್ತಿ ಪ್ರಯಾಣಕ್ಕೆ 30 ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಅಷ್ಟೂ ಕೂರುವುದು ಬೇಡ. ಹ್ಯೂ-ಡಾ ನಾಂಗ್ ತುಂಡು ಒಂದನ್ನು ಹಗಲಲ್ಲಿ ಹೋಗಿ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕೂರಬೇಕು, ಸಮುದ್ರ ಆ ಕಡೆ. ಎಸ್ಇ ಅನ್ನುವ ರೈಲುಗಳಲ್ಲಿ ಬೆಸ ಸಂಖ್ಯೆ ದಕ್ಷಿಣಕ್ಕೆ, ಸಮ ಸಂಖ್ಯೆ ಉತ್ತರಕ್ಕೆ.

ರಸ್ತೆ ದಾಟುವಾಗ ಒಂದೇ ವೇಗದಲ್ಲಿ ನಡೆಯಿರಿ. ಓಡಬೇಡಿ, ನಡುವೆ ಹಿಂದಕ್ಕೆ ಬರಬೇಡಿ. ನೀವು ಎಲ್ಲಿರುತ್ತೀರಿ ಅಂತ ಬೈಕಿನವರು ಅಂದಾಜು ಮಾಡಿಕೊಂಡು ಸುತ್ತಿ ಹೋಗುತ್ತಾರೆ. ಬಸ್ಸು, ಲಾರಿ ಬಂದರೆ ಮಾತ್ರ ನಿಂತು ಬಿಟ್ಟುಕೊಡಿ.

ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್ 15ರಿಂದ ಗರಿಷ್ಠ 90 ದಿನ. ಒಮ್ಮೆ ಪ್ರವೇಶಕ್ಕೆ 25 ಡಾಲರ್, ಹಲವು ಸಲ ಪ್ರವೇಶಕ್ಕೆ 50 ಡಾಲರ್. ಸರ್ಕಾರಿ ತಾಣದ ವಿಳಾಸ ಜಿಒವಿ ಡಾಟ್ ವಿಎನ್ ಅಂತ ಮುಗಿಯುತ್ತದೆ. ಅದೇ ರೂಪದ ಬೇರೆ ತಾಣಗಳು ಜಾಸ್ತಿ ದುಡ್ಡು ಕೇಳುತ್ತವೆ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲವೇ ಇನಿಷಿಯಲ್ ಬಿಡಿಸಿ ಬರೆದ ಅಪ್ಪನ ಹೆಸರು ಅಥವಾ ಊರಿನ ಹೆಸರು. ಫಾರಂ ತುಂಬುವಾಗ ವಾಡಿಕೆಯ ಹೆಸರು ಬೇಡ, ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಅಕ್ಷರ ಅಕ್ಷರ ನೋಡಿ ಬರೆಯಿರಿ. ಸೈಗಾನ್‌ನಿಂದ ಕಾಂಬೋಡಿಯಾಗೆ ಹೋಗಿ ಅಂಗ್ಕೋರ್ ನೋಡಿ, ಮತ್ತೆ ವಿಯೆಟ್ನಾಂಗೆ ಬಂದು ಭಾರತದ ವಿಮಾನ ಹತ್ತುವ ಯೋಚನೆ ಇದ್ದರೆ 25 ಡಾಲರಿನದು ಸಾಲದು. ಗಡಿ ದಾಟಿದ ಕೂಡಲೇ ಅದು ಮುಗಿದ ಹಾಗೆ, ಆದ್ದರಿಂದ ಮೊದಲೇ 50 ಡಾಲರಿನದನ್ನು ತೆಗೆದುಕೊಳ್ಳಿ.