ಪಿ-0299 ಬಂತೆಂದರೆ ಟರ್ಬೊ ಹೋಯಿತೆಂದೇ?

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನವೇ ಟರ್ಬೊ. ಹಳೆಯ ಡೀಸೆಲ್ ಕಾರಿನಲ್ಲಿ ಅದರ ತಕರಾರು ಊರೊಳಗೆ ಗೊತ್ತಾಗುವುದು ಕಡಿಮೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಎಂಜಿನ್ನಿಗೆ ಟರ್ಬೊದಿಂದ ಹೆಚ್ಚೇನೂ ಬೇಕಿರುವುದಿಲ್ಲ. ಐದು ಜನ, ಡಿಕ್ಕಿ ತುಂಬ ಲಗೇಜು, ಶಿರಾಡಿ ಘಾಟಿಯ ಏರು. ಮುಂದಿನ ಲಾರಿಯನ್ನು ಹಿಂದೆ ಹಾಕಲೆಂದು ಆಕ್ಸಿಲರೇಟರ್ ಪೂರ್ತಿ ತುಳಿದಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ಪಿಕಪ್ ಸತ್ತುಹೋಗುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಗಾಡಿ ಏನೂ ಆಗಿಯೇ ಇಲ್ಲವೆಂಬಂತೆ ಎಳೆಯುತ್ತದೆ, ಮುಂದಿನ ಏರಿನವರೆಗೆ.

ಈ ‘ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ’ ಅನ್ನುವುದೇ ದೊಡ್ಡ ಸುಳಿವು. ಮುರಿದ ಟರ್ಬೊ ಕೀ ತಿರುಗಿಸಿದರೆ ಕೂಡಿಕೊಳ್ಳುವುದಿಲ್ಲ. ಇಲ್ಲಿ ಶಕ್ತಿ ತಗ್ಗಿಸಿದ್ದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರು. ತಾನು ಬಯಸಿದ ಗಾಳಿಯ ಒತ್ತಡಕ್ಕೂ ಸೆನ್ಸರ್ ಹೇಳುತ್ತಿರುವ ಒತ್ತಡಕ್ಕೂ ಸ್ವಲ್ಪ ಹೊತ್ತು ತಾಳೆಯಾಗದಿದ್ದರೆ ಅದು ಡೀಸೆಲ್ ಕಡಿಮೆ ಮಾಡಿ ಎಂಜಿನ್ನನ್ನು ಕಾಯುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಜೊತೆಗೆ ತಾನು ಕಂಡ ತಪ್ಪು ಎಂಥದೆಂದು ಸೂಚಿಸುವ, ಪಿ-0299 ಎಂಬಂಥ ಕೋಡೊಂದನ್ನೂ ಇಸಿಯು ದಾಖಲಿಸಿಡುತ್ತದೆ.

ಹಳದಿ ದೀಪ ಬಂದರೆ ನಿಧಾನವಾಗಿ ಮನೆ ಸೇರಬಹುದು. ಕೆಂಪು ಎಣ್ಣೆ ಡಬ್ಬಿಯ ದೀಪ ಬಂದರೆ ಅಲ್ಲೇ ಎಂಜಿನ್ ಆಫ್ ಮಾಡಬೇಕು, ಮುಂದಿನ ಪೆಟ್ರೋಲ್ ಬಂಕ್‌ವರೆಗೂ ಓಡಿಸಬಾರದು. ಇವೆರಡರ ನಡುವೆ ಫೋಕ್ಸ್‌ವ್ಯಾಗನ್ ಬಳಗದ ಡೀಸೆಲ್‌ಗಳಲ್ಲಿ ಒಂದು ತಮಾಷೆಯಿದೆ: ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಕಾಣುವ ಸುರುಳಿಯಾಕಾರದ ಗ್ಲೋ ಪ್ಲಗ್ ದೀಪ ಓಡುವಾಗ ಮಿಣುಕತೊಡಗಿದರೆ ಅದು ಎಂಜಿನ್ ನಿಯಂತ್ರಣದ ದೂರು. ಬ್ರೇಕ್ ಪೆಡಲಿನ ಪುಟ್ಟ ಸ್ವಿಚ್ ಕೆಟ್ಟರೂ ಅದು ಮಿಣುಕುತ್ತದೆ.

ಭಾರತದಲ್ಲಿ ಬಿಎಸ್-4 ಹೊಗೆ ನಿಯಮದ ಕಾರುಗಳಿಗೆ ಒಬಿಡಿ, ಅಂದರೆ ಗಾಡಿಯೇ ತನ್ನ ತಪ್ಪನ್ನು ಪತ್ತೆಹಚ್ಚಿ ದಾಖಲಿಸುವ ವ್ಯವಸ್ಥೆಯ ಮೊದಲ ಹಂತ 2010ರ ಏಪ್ರಿಲ್‌ನಲ್ಲೂ ಎರಡನೆಯ ಹಂತ 2013ರ ಏಪ್ರಿಲ್‌ನಲ್ಲೂ ಕಡ್ಡಾಯವಾಯಿತು. ಆಮೇಲಿನ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದ್ದೇ ಇರುತ್ತದೆ. ಅದಕ್ಕೊಂದು ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಕೋಡು ಮೊಬೈಲಿನಲ್ಲೇ ಕಾಣುತ್ತದೆ. ಅದಕ್ಕೂ ಹಳೆಯ ಗಾಡಿಗಳು ಅಗ್ಗದ ಅಡಾಪ್ಟರಿಗೆ ಎಷ್ಟೋ ಸಲ ಮಾತೇ ಆಡುವುದಿಲ್ಲ. ಬ್ಯಾಟರಿ ವೈರು ಕಳಚಿ ದೀಪ ಆರಿಸುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಕೋಡಿನ ಜೊತೆಗೆ, ತಪ್ಪು ಕಂಡ ಗಳಿಗೆಯಲ್ಲಿದ್ದ ಆರ್‌ಪಿಎಂ, ವೇಗ, ಎಂಜಿನ್ ಬಿಸಿಯ ಅಂಕಿಗಳೂ ದಾಖಲಾಗಿರುತ್ತವೆ. ವೈರು ಕಳಚಿದರೆ ಅವೂ ಅಳಿಸಿಹೋಗಬಹುದು. ಮೊದಲು ಒಂದು ಫೋಟೊ ತೆಗೆದಿಡಿ.

ಟರ್ಬೊ ವಿಷಯದಲ್ಲಿ ಎರಡು ಕೋಡುಗಳು ಪದೇ ಪದೇ ಎದುರಾಗುತ್ತವೆ. ಪಿ-0299 ಅಂದರೆ ಒತ್ತಡ ಸಾಲುತ್ತಿಲ್ಲ, ಪಿ-0234 ಅಂದರೆ ಒತ್ತಡ ಮಿತಿ ಮೀರಿದೆ. ಕೋಡು ಹೇಳುವುದು ಇಷ್ಟನ್ನೇ, ಯಾರಿಂದ ಹೀಗಾಯಿತೆಂದು ಹೇಳುವುದಿಲ್ಲ. ಆದರೂ ಸ್ಕ್ಯಾನರ್ ಪರದೆಯಲ್ಲಿ ‘ಟರ್ಬೊ’ ಎಂಬ ಶಬ್ದ ಕಂಡಕೂಡಲೇ ಹೊಸ ಟರ್ಬೊದ ಎಸ್ಟಿಮೇಟ್ ಬರೆಯುವವರಿದ್ದಾರೆ. ಇದನ್ನು ನಾನು ರೋಗಪತ್ತೆ ಎಂದು ಕರೆಯಲಾರೆ.

ನಮ್ಮ ರಸ್ತೆಗಳಲ್ಲಿ ಅತಿ ಪರಿಚಿತವಾದ ಒಂದು ಎಂಜಿನ್ನನ್ನೇ ತೆಗೆದುಕೊಳ್ಳೋಣ. ಫಿಯಟ್‌ನ 1.3 ಲೀಟರಿನ ಮಲ್ಟಿಜೆಟ್. ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ತಾ, ಪುಂಟೊ, ಲೀನಿಯಾ, ಎಲ್ಲದರ ಬಾನೆಟ್ಟಿನ ಕೆಳಗೂ ಇದೇ ಇತ್ತು. ಗಾತ್ರ 1248 ಸಿಸಿ, ಸಿಲಿಂಡರಿಗೆ 312 ಸಿಸಿ. ಬೆಂಗಳೂರಿನ ಎತ್ತರದಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.06 ಗ್ರಾಂ. ಹಾಗಾಗಿ ಟರ್ಬೊ ಇಲ್ಲದಿದ್ದರೆ ಒಂದು ಸಿಲಿಂಡರು ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿ ಹೆಚ್ಚೆಂದರೆ 330 ಮಿಲಿಗ್ರಾಂ. ಆ ಗಾಳಿಯಲ್ಲಿ ಎಷ್ಟು ಡೀಸೆಲ್ ಉರಿಯಬಹುದೋ ಅಷ್ಟೇ ಶಕ್ತಿ. ಅದಕ್ಕಿಂತ ಹೆಚ್ಚು ಸುರಿದರೆ ಸೈಲೆನ್ಸರಿನಿಂದ ಕಪ್ಪು ಹೊಗೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದದ್ದು ಈ ಮಿತಿಯನ್ನು ದಾಟುವ ಉಪಾಯಕ್ಕೆ. ಹೊಗೆಕೊಳವೆಯಲ್ಲಿ ಸುಮ್ಮನೆ ಹೋಗುವ ಬಿಸಿ ಅನಿಲದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ತುಂಬುವುದು. ಇಂದಿನ ಪುಟ್ಟ ಕಾರುಗಳ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಒತ್ತಿದ ಗಾಳಿ 100 ಡಿಗ್ರಿ ದಾಟಿ ಕಾಯುವುದರಿಂದ ಅದನ್ನು ಇಂಟರ್‌ಕೂಲರಿನಲ್ಲಿ ತಣಿಸಿ ಸಿಲಿಂಡರಿಗೆ ಕಳಿಸುತ್ತಾರೆ. ಒತ್ತಡವನ್ನು ವಾತಾವರಣದ ಒತ್ತಡದ ಸುಮಾರು ಎರಡರಷ್ಟಕ್ಕೆ, ಅಂದರೆ ಒಟ್ಟು 2 ಬಾರ್‌ಗೆ ಏರಿಸಿದರೆ ಅದೇ ಸಿಲಿಂಡರಿಗೆ 600 ಮಿಲಿಗ್ರಾಮಿಗೂ ಹೆಚ್ಚು ಗಾಳಿ ಸಿಗುತ್ತದೆ.

ಈ ಎಂಜಿನ್ ಎರಡು ಬಗೆಯಲ್ಲಿ ಬಂತು. ಸ್ವಿಫ್ಟಿನ 75 ಅಶ್ವಶಕ್ತಿಯದರಲ್ಲಿ ಟರ್ಬೊದ ಆಕಾರ ಬದಲಾಗದು. ಒತ್ತಡ ಹೆಚ್ಚಾದಾಗ ವೇಸ್ಟ್‌ಗೇಟ್ ಎಂಬ ಕಿಂಡಿ ತೆರೆದು ಒಂದಿಷ್ಟು ಹೊಗೆ ಚಕ್ರಕ್ಕೆ ತಾಗದೆ ಪಕ್ಕದಿಂದಲೇ ಹೊರಟುಹೋಗುತ್ತದೆ. ಎಸ್ಎಕ್ಸ್4, ಎರ್ಟಿಗಾಗಳ 90 ಅಶ್ವಶಕ್ತಿಯದರಲ್ಲಿ ವಿಜಿಟಿ: ಚಕ್ರದ ಸುತ್ತ ತಿರುಗಬಲ್ಲ ಸಣ್ಣ ಎಸಳುಗಳ ಬಳೆ. ಗಿಡಕ್ಕೆ ನೀರು ಹಾಯಿಸುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದಲ್ಲ, ಹಾಗೆಯೇ ಎಸಳುಗಳು ಕಿರಿದಾದಾಗ ಕಡಿಮೆ ಹೊಗೆಯೂ ಚಕ್ರವನ್ನು ಜೋರಾಗಿ ತಿರುಗಿಸುತ್ತದೆ.

ಪತ್ತೆದಾರಿಕೆಯ ಸ್ವಾರಸ್ಯವಿರುವುದು ಇಲ್ಲಿ. ವೇಸ್ಟ್‌ಗೇಟ್ ಟರ್ಬೊದಲ್ಲಿ ಕಿಂಡಿ ತೆರೆಯುವುದು ಸಣ್ಣ ಪೈಪಿನಲ್ಲಿ ಬರುವ ಗಾಳಿಯ ಒತ್ತಡದಿಂದ. ಆ ಪೈಪು ಹರಿದರೆ ಕಿಂಡಿ ತೆರೆಯುವುದೇ ಇಲ್ಲ, ಒತ್ತಡ ಮಿತಿ ಮೀರುತ್ತದೆ. ವ್ಯಾಕ್ಯೂಮ್‌ನಿಂದ (ಅಂದರೆ ಗಾಳಿ ಹೀರಿದಾಗಿನ ಎಳೆತದಿಂದ) ನಡೆಯುವ ವಿಜಿಟಿಯಲ್ಲಿ ಅಂಥದೇ ಪೈಪು ಹರಿದರೆ ಎಸಳುಗಳು ಪೂರ್ತಿ ತೆರೆದುಕೊಂಡು ಒತ್ತಡ ಏರುವುದೇ ಇಲ್ಲ. ಕೆಲವೇ ರೂಪಾಯಿಯ ರಬ್ಬರ್ ಪೈಪು, ಎರಡು ಕಾರುಗಳಲ್ಲಿ ತದ್ವಿರುದ್ಧ ಕೋಡು. ನಿಮ್ಮ ಗಾಡಿಯ ಟರ್ಬೊ ಯಾವ ಬಗೆಯದೆಂದು ತಿಳಿಯದೆ ಕೋಡಿನ ಅರ್ಥ ಹುಡುಕಿ ಪ್ರಯೋಜನವಿಲ್ಲ.

ಬಿಚ್ಚುವ ಮೊದಲು ಅಳೆಯಬೇಕು. ಅಳತೆ ಶುರುವಾಗುವುದು ಎಂಜಿನ್ ನಿಂತಿರುವಾಗ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಈಗ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ 1010 ಮಿಲಿಬಾರ್ ಸುತ್ತಮುತ್ತ, ಬೆಂಗಳೂರಿನಲ್ಲಿ 910 ಸುತ್ತಮುತ್ತ. ಇಲ್ಲಿ ಹವಾಮಾನದ ಆ್ಯಪ್ ನಂಬಿ ಮೋಸ ಹೋಗಬೇಡಿ. ಅದು ಬೆಂಗಳೂರಿಗೂ 1010 ಎಂದೇ ಹೇಳುತ್ತದೆ, ಏಕೆಂದರೆ ಹವಾಮಾನದವರು ಎಲ್ಲ ಊರುಗಳ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿ ಕೊಡುತ್ತಾರೆ. ಬೆಂಗಳೂರಿನಲ್ಲಿ ನಿಂತ ಕಾರಿನ ಸೆನ್ಸರ್ 1010 ಅಂದರೆ ಮೊದಲು ಆ ಸೆನ್ಸರನ್ನೇ ಅನುಮಾನಿಸಿ. ಮಸಿ ಮೆತ್ತಿ ಸುಳ್ಳು ಹೇಳುವ ಸೆನ್ಸರುಗಳಿಗೆ ಬರವಿಲ್ಲ.

ಆಮೇಲೆ ರಸ್ತೆಗೆ. ಖಾಲಿ ಏರು, ಮೂರನೇ ಗೇರ್, 1500 ಆರ್‌ಪಿಎಂನಿಂದ ಪೂರ್ತಿ ತುಳಿಯುವುದು. ಅಂಕಿಗಳನ್ನು ಪಕ್ಕದಲ್ಲಿ ಕೂತವರು ನೋಡಲಿ, ಓಡಿಸುವವರು ರಸ್ತೆ ನೋಡಲಿ. ಬೇಕಾದದ್ದು ಮೂರು ಅಂಕಿ: ಇಸಿಯು ಕೇಳಿದ ಒತ್ತಡ, ಸಿಕ್ಕ ಒತ್ತಡ, ಏರ್ ಫಿಲ್ಟರ್ ದಾಟಿ ಒಳಬಂದ ಗಾಳಿಯ ತೂಕ. ಮೊದಲನೆಯದು ಸಾಮಾನ್ಯ ಆ್ಯಪ್‌ಗಳಲ್ಲಿ ಸಿಗುವುದಿಲ್ಲ, ಆಯಾ ಕಂಪನಿಯ ಕಾರಿಗೆ ಹೊಂದುವ ಸ್ಕ್ಯಾನರ್ ಬೇಕು. ಇಸಿಯು ಕೇಳಿದ್ದೇ ಕಡಿಮೆಯಿದ್ದರೆ ಟರ್ಬೊ ಹೇಳಿದಂತೆ ಕೇಳುತ್ತಿದೆ ಎಂದರ್ಥ. ಆಗ ಡೀಸೆಲ್ ಫಿಲ್ಟರು, ಫ್ಯುಯೆಲ್ ರೈಲಿನ (ಇಂಜೆಕ್ಟರುಗಳಿಗೆ ಡೀಸೆಲ್ ಒದಗಿಸುವ ಕೊಳವೆಯ) ಒತ್ತಡ, ಬಿಸಿ ಅಳೆಯುವ ಸೆನ್ಸರುಗಳ ಕಡೆ ನೋಡಬೇಕು. ಕೇಳಿದ್ದು ಹೆಚ್ಚು, ಸಿಕ್ಕಿದ್ದು ಕಡಿಮೆ, ಆದರೆ ಒಳಬಂದ ಗಾಳಿ ಮಾತ್ರ ಧಾರಾಳವಾಗಿದೆಯೇ? ಹಾಗಿದ್ದರೆ ಟರ್ಬೊ ಗಾಳಿ ಒತ್ತುತ್ತಿದೆ, ಅದು ದಾರಿಯಲ್ಲಿ ಸೋರುತ್ತಿದೆ. ಒತ್ತಡವೂ ಗಾಳಿಯೂ ಎರಡೂ ಕಡಿಮೆಯಿದ್ದರೆ ಚಕ್ರವೇ ತಿರುಗುತ್ತಿಲ್ಲ, ಇಲ್ಲವೇ ಏರ್ ಫಿಲ್ಟರ್ ಅಥವಾ ಸೈಲೆನ್ಸರ್ ಕಡೆ ಅಡ್ಡಿಯಿದೆ. ಒತ್ತಡ ಸರಿಯಿದ್ದು ಗಾಳಿಯ ಲೆಕ್ಕ ಮಾತ್ರ ಕಡಿಮೆಯಿದ್ದರೆ ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು, ಅಥವಾ ಹೊಗೆಯನ್ನು ಮತ್ತೆ ಒಳಗೆ ಕಳಿಸುವ ಇಜಿಆರ್ ಕವಾಟ ತೆರೆದೇ ಸಿಕ್ಕಿಕೊಂಡಿರಬಹುದು. ಒಂದು ಏರು ಹತ್ತುವಷ್ಟರಲ್ಲಿ ಇಷ್ಟು ತಿಳಿಯುತ್ತದೆ.

ಸೋರಿಕೆ ಹುಡುಕಲು ಕಿವಿಯೂ ಕಣ್ಣೂ ಸಾಕು. ಭಾರ ಬಿದ್ದಾಗ ಬಾನೆಟ್ಟಿನೊಳಗೆ ಬುಸ್ಸೆನ್ನುವ ಸದ್ದು, ಇಂಟರ್‌ಕೂಲರ್ ಹೋಸ್ ಕೂಡುವಲ್ಲಿ ಧೂಳು ಹತ್ತಿದ ಎಣ್ಣೆಪಸೆ, ಹಿಂದೆ ಕಪ್ಪು ಹೊಗೆ. ಹೋಸಿನ ತಳಭಾಗದ ಬಿರುಕು ನಿಂತ ಗಾಡಿಯಲ್ಲಿ ಕಾಣುವುದಿಲ್ಲ, ಒತ್ತಡ ಬಿದ್ದಾಗಲಷ್ಟೇ ಬಾಯಿ ಬಿಡುತ್ತದೆ. ಕೈಯಿಂದ ತಿರುಚಿ ನೋಡಬೇಕು. ಹೋಸಿನೊಳಗೆ ತೆಳ್ಳಗೆ ಎಣ್ಣೆ ಸವರಿದಂತಿದ್ದರೆ ಗಾಬರಿ ಬೇಡ. ಎಂಜಿನ್ನಿನ ಉಸಿರುಕೊಳವೆಯಿಂದ ಬರುವ ಎಣ್ಣೆ ಮಂಜು ಅಲ್ಲಿಗೇ ಸೇರುತ್ತದೆ. ಆ ಪಸೆಯನ್ನು ಬೆರಳಿಗೆ ಹಚ್ಚಿ ತೋರಿಸಿ ‘ಟರ್ಬೊ ಸೀಲ್ ಹೋಗಿದೆ ಸಾರ್’ ಅಂದರೆ ಒಪ್ಪಬೇಡಿ.

ವಿಜಿಟಿಗೆ ಇನ್ನೊಂದು ಕಾಯಿಲೆಯಿದೆ, ಎಸಳುಗಳಿಗೆ ಮಸಿ ಮೆತ್ತಿ ಬಿಗಿಯಾಗುವುದು. ವರ್ಷಗಟ್ಟಲೆ ಊರೊಳಗೇ ಮೆಲ್ಲಗೆ ಓಡಿದ ಗಾಡಿಗಳಿಗೆ ಇದು ಹೆಚ್ಚು. ಎಸಳು ಕಿರಿದಾದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಘಾಟಿಯಲ್ಲಿ ಒತ್ತಡ ಮಿತಿ ಮೀರಿ ಲಿಂಪ್ ಮೋಡ್, ತೆರೆದೇ ಸಿಕ್ಕಿಕೊಂಡರೆ ಕೆಳಗಿನ ಆರ್‌ಪಿಎಂನಲ್ಲಿ ಜೀವವೇ ಇಲ್ಲ. ವ್ಯಾಕ್ಯೂಮ್ ಕೈಪಂಪು ಹಚ್ಚಿ ಎಳೆದಾಗ ಎಸಳುಗಳನ್ನು ತಿರುಗಿಸುವ ಆಕ್ಚುಯೇಟರಿನ ಕಡ್ಡಿ ತಡೆಯಿಲ್ಲದೆ ಸರಿಯಬೇಕು, ಬಿಡುವವರೆಗೂ ಅಲ್ಲೇ ನಿಲ್ಲಬೇಕು. ಕಡ್ಡಿ ಮೆಲ್ಲಗೆ ಜಾರಿ ಹಿಂದೆ ಬಂದರೆ ಆಕ್ಚುಯೇಟರಿನೊಳಗಿನ ಪೊರೆ, ಅಂದರೆ ಡಯಾಫ್ರಮ್ ಹರಿದಿದೆ. ತಡವರಿಸಿ ಸರಿದರೆ ಎಸಳಿಗೆ ಮಸಿ. ಮಸಿಯನ್ನು ಬಿಚ್ಚಿ ತೆಗೆಯಬಹುದು, ಆದರೆ ಕಡ್ಡಿಯ ಮಿತಿ ನಿಗದಿ ಮಾಡುವ ಸ್ಕ್ರೂ ಮುಟ್ಟಬಾರದು. ಅದನ್ನು ಕಾರ್ಖಾನೆಯಲ್ಲಿ ಗಾಳಿಯ ಹರಿವು ಅಳೆದು ಕೂರಿಸಿರುತ್ತಾರೆ.

ಟರ್ಬೊ ನಿಜಕ್ಕೂ ಹಾಳಾಗುವುದೂ ಉಂಟು, ಹಾಗಾದಾಗ ತಪ್ಪು ಹೆಚ್ಚಾಗಿ ಎಣ್ಣೆಯದು. ಅದರ ದಂಡ ತೆಳುವಾದ ಎಣ್ಣೆ ಪದರದ ಮೇಲೆ ತೇಲಿಕೊಂಡು ತಿರುಗುತ್ತದೆ. ಎಂಜಿನ್ ನಿಂತಾಗ ದಂಡ ಪಕ್ಕಕ್ಕೆ ಚೂರು ಅಲುಗಿದರೆ ಅದು ಸಹಜ. ಹಿಂದೆ ಮುಂದೆ ಜಗ್ಗಿದಾಗ ಕೈಗೆ ತಿಳಿಯುವಷ್ಟು ಆಡಿದರೆ, ರೆಕ್ಕೆಗಳು ಗೂಡಿಗೆ ಉಜ್ಜಿದ ಗೆರೆ ಕಂಡರೆ, ನೀಲಿ ಹೊಗೆಯೊಂದಿಗೆ ಎಂಜಿನ್ ಆಯಿಲ್ ಕಡಿಮೆಯಾಗುತ್ತಿದ್ದರೆ ಬದಲಿಸದೆ ವಿಧಿಯಿಲ್ಲ. ಆಯಿಲ್ ಬದಲಿಸುವುದನ್ನು ಮುಂದೂಡುತ್ತ ಬಂದ ಗಾಡಿಗಳಲ್ಲಿ ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಪೈಪಿನೊಳಗೆ ಎಣ್ಣೆ ಸುಟ್ಟು ಕರಿಕಟ್ಟಿರುತ್ತದೆ. ಹಳೆಯ ಪೈಪಿಗೇ ಹೊಸ ಟರ್ಬೊ ಕೂರಿಸಿದರೆ ಅದೂ ಎಣ್ಣೆ ಸಿಗದೆ ಸಾಯುತ್ತದೆ. ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನೂ ಆಗಲೇ ಬಸಿದು ತೆಗೆಸಿ. ಡೀಸೆಲ್ ಎಂಜಿನ್ನಿಗೆ ಅದೂ ಇಂಧನವೇ. ಬೇಕಾದಷ್ಟು ಒಳನುಗ್ಗಿದರೆ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದೆ ಮೇಲಕ್ಕೇ ಏರುತ್ತದೆ. ಮ್ಯಾನ್ಯುವಲ್ ಗಾಡಿಯಲ್ಲಿ ಆಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಐದನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಬಲವಂತದಿಂದ ನಿಲ್ಲಿಸಬೇಕಾಗುತ್ತದೆ.